ಸುರಂಗದ ಬೆಲೆ ಉದ್ಘಾಟನೆಗೆ ಮುಗಿಯುವುದಿಲ್ಲ

2023ರ ಆಗಸ್ಟ್ 10ರಂದು ಸ್ವಿಟ್ಜರ್ಲೆಂಡಿನ ಗೊಥಾರ್ಡ್ ಬೆಟ್ಟದಡಿ, ಜಗತ್ತಿನ ಅತಿ ಉದ್ದದ ರೈಲು ಸುರಂಗದೊಳಗೆ ಸರಕು ಗಾಡಿಯೊಂದು ಹಳಿ ತಪ್ಪಿತು. ವ್ಯಾಗನ್ ಒಂದರ ಚಕ್ರ ಒಡೆದದ್ದು ಕಾರಣ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸುಮಾರು 7 ಕಿ.ಮೀ. ಹಳಿ ಹಾಳಾಯಿತು, 20 ಸಾವಿರದಷ್ಟು ಸ್ಲೀಪರುಗಳನ್ನು ಬದಲಿಸಬೇಕಾಯಿತು, ನಷ್ಟ ಅಂದಾಜು 15 ಕೋಟಿ ಸ್ವಿಸ್ ಫ್ರಾಂಕ್ ಮುಟ್ಟಿತು. ಸುರಂಗ ಪೂರ್ತಿಯಾಗಿ ತೆರೆದದ್ದು 2024ರ ಸೆಪ್ಟೆಂಬರ್ 2ರಂದು, ಒಂದು ವರ್ಷ ಕಳೆದ ಮೇಲೆ. ಆದರೂ ಆ ವರ್ಷವಿಡೀ ಉತ್ತರ ಯುರೋಪಿಗೂ ಇಟಲಿಗೂ ನಡುವಿನ ಈ ರೈಲುದಾರಿ ಕಡಿದುಹೋಗಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಸುರಂಗವನ್ನು ಜೋಡಿಯಾಗಿ ಕೊರೆದಿದ್ದರು. ಕೆಡದೆ ಉಳಿದ ಕೊಳವೆಯಲ್ಲಿ ಎರಡು ವಾರದೊಳಗೆ ಸರಕು ಗಾಡಿಗಳು ಓಡತೊಡಗಿದವು. ಎರಡು, ಅದೇ ಬೆಟ್ಟದ ಮೇಲ್ಮಟ್ಟದಲ್ಲಿ 1882ರಲ್ಲಿ ತೆರೆದ ಹಳೆಯ ರೈಲು ಸುರಂಗವನ್ನು ಅವರು ಕೈಬಿಟ್ಟಿರಲಿಲ್ಲ. ಪ್ರಯಾಣಿಕರ ರೈಲುಗಳು ಒಂದು ಗಂಟೆ ತಡವಾದರೂ ಆ ದಾರಿ ಹಿಡಿದು ಬೆಟ್ಟ ದಾಟಿದವು. ಎರಡನೇ ಕೊಳವೆಯೂ ಹಳೆಯ ಸುರಂಗವೂ ಖರ್ಚಿನ ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವ ಬಾಬತ್ತುಗಳು. ಅವುಗಳ ಬೆಲೆ ಗೊತ್ತಾದದ್ದು ಚಕ್ರ ಒಡೆದ ದಿನ.

ಸುರಂಗದ ಸುದ್ದಿ ನಮಗೆ ಬರುವುದು ಎರಡೇ ಅಂಕಿಗಳಲ್ಲಿ: ಎಷ್ಟು ಕೋಟಿ, ಎಷ್ಟು ವರ್ಷ. ಆ ಅಂಕಿಗಳು ಕೊರೆಯುವ ಕೆಲಸಕ್ಕೆ ಸಂಬಂಧಿಸಿದವು. ಕೊರೆಯುವ ಕೆಲಸ ಹತ್ತು ಹದಿನೈದು ವರ್ಷದ್ದು. ಸುರಂಗದ ಬಾಳು ನೂರು ವರ್ಷ ಮೀರುವಂಥದ್ದು. ಸೇತುವೆಯನ್ನು ಕೆಡವಿ ಮತ್ತೆ ಕಟ್ಟಬಹುದು, ರಸ್ತೆಯನ್ನು ಪಕ್ಕಕ್ಕೆ ಸರಿಸಬಹುದು. ಸುರಂಗವನ್ನು ಅಗಲಿಸುವುದೂ ಸರಿಸುವುದೂ ಹೊಸದನ್ನು ಕೊರೆಯುವುದಕ್ಕಿಂತ ಕಷ್ಟ. ಆದ್ದರಿಂದ ಸುರಂಗದ ನಿಜವಾದ ಖರ್ಚು ನಿಗದಿಯಾಗುವುದು ನಕ್ಷೆಯ ಮೇಲೆ, ಮೊದಲ ಬಂಡೆ ಒಡೆಯುವ ಮುಂಚೆ. ಕೊಳವೆ ಒಂದೋ ಎರಡೋ, ಸೋರುವ ನೀರು ಎಲ್ಲಿಗೆ ಹರಿಯಬೇಕು, ಚಾವಣಿಯ ಹಿಂದೆ ಏನಾಗುತ್ತಿದೆ ಎಂದು ನೋಡಲು ದಾರಿ ಇದೆಯೇ, ದುರಸ್ತಿಗೆ ಮುಚ್ಚಿದಾಗ ವಾಹನಗಳು ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಕೊಡುವ ಉತ್ತರವನ್ನು ಮೂರು ತಲೆಮಾರು ಹೊರಬೇಕಾಗುತ್ತದೆ. ಈ ಉತ್ತರಗಳ ಬೆಲೆಯನ್ನೂ ಸೇರಿಸಿದ ಲೆಕ್ಕ ಜನರ ಮುಂದೆ ಬರುವವರೆಗೆ ಯಾವ ಸುರಂಗಕ್ಕೂ ಟೆಂಡರ್ ಕರೆಯಬಾರದು ಎಂಬುದು ನನ್ನ ವಾದ. ಅದಕ್ಕೆ ಗೊಥಾರ್ಡ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅಲ್ಲಿ ಒಂದೇ ಬೆಟ್ಟವನ್ನು ಮೂರು ಕಾಲದವರು ಮೂರು ಬಗೆಯ ಲೆಕ್ಕ ಹಾಕಿ ಕೊರೆದಿದ್ದಾರೆ.

ಮೊದಲನೆಯದು 15 ಕಿ.ಮೀ. ಉದ್ದದ ರೈಲು ಸುರಂಗ. 1872ರಲ್ಲಿ ಗುತ್ತಿಗೆ ಹಿಡಿದ ಲೂಯಿ ಫಾವ್ರ್ ಎಂಟು ವರ್ಷದಲ್ಲಿ ಮುಗಿಸುವುದಾಗಿ ಒಪ್ಪಿ, ತಡವಾದರೆ ದಂಡ ಕಟ್ಟುವ ಷರತ್ತಿಗೆ ಸಹಿ ಹಾಕಿದ್ದ. ಬಂಡೆ ಆ ಒಪ್ಪಂದಕ್ಕೆ ಬಗ್ಗಲಿಲ್ಲ. ನೀರು ನುಗ್ಗಿತು, ಕೆಲವೆಡೆ ಕಲ್ಲು ಮಣ್ಣಿನಂತೆ ಕುಸಿಯಿತು, ಒಳಗಿನ ಸೆಕೆ ಸಹಿಸಲಾಗದಷ್ಟಾಯಿತು. ಇಟಲಿಯಿಂದ ಬಂದ ಕೂಲಿಗಳೇ ಹೆಚ್ಚಾಗಿದ್ದ ಆ ಕಾಮಗಾರಿಯಲ್ಲಿ ಸುಮಾರು 200 ಮಂದಿ ಸತ್ತರು. ಕೊಕ್ಕೆಹುಳದ ರೋಗದಿಂದ ರಕ್ತ ಬತ್ತಿ ಊರಿಗೆ ಮರಳಿದವರು ಇನ್ನೂ ಅನೇಕರು. 1875ರಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಫಾವ್ರ್ ಸಹ 1879ರಲ್ಲಿ ಆ ಸುರಂಗದೊಳಗೇ ಕುಸಿದುಬಿದ್ದು ಸತ್ತ. ಬೆಲೆ ಮತ್ತು ಗಡುವನ್ನು ಮಾತ್ರ ಅಳೆದ ಒಪ್ಪಂದ ಉಳಿದ ಭಾರವನ್ನೆಲ್ಲ ದುರ್ಬಲರ ಹೆಗಲಿಗೆ ಹಾಕಿತು. ಈ ಸಾವುಗಳನ್ನು ಮರೆಯದೆಯೇ ಇನ್ನೊಂದು ಸತ್ಯವನ್ನೂ ಹೇಳಬೇಕು. ಅದೇ ಸುರಂಗ 140 ವರ್ಷ ದಾಟಿದ ಮೇಲೂ 2023ರ ಆಪತ್ತಿನಲ್ಲಿ ನೆರವಿಗೆ ಬಂತು. ಜೋಡಿ ಹಳಿ ಹಿಡಿಸುವಷ್ಟು ಅಗಲವಾಗಿ ಅದನ್ನು ಕೊರೆದ ನಿರ್ಧಾರದ ಫಲ ಇವತ್ತಿಗೂ ಸಿಗುತ್ತಿದೆ. ಆ ಫಲವನ್ನು 1872ರ ಯಾವ ಲೆಕ್ಕಪುಸ್ತಕವೂ ಬರೆದಿಡಲು ಸಾಧ್ಯವಿರಲಿಲ್ಲ.

ಎರಡನೆಯದು 1980ರ ಸೆಪ್ಟೆಂಬರ್‌ನಲ್ಲಿ ತೆರೆದ 16.9 ಕಿ.ಮೀ. ರಸ್ತೆ ಸುರಂಗ. ಒಂದೇ ಕೊಳವೆ, ಎರಡು ಲೇನು, ಎದುರುಬದುರು ಸಂಚಾರ. ಪಕ್ಕದಲ್ಲಿ ತಪ್ಪಿಸಿಕೊಳ್ಳಲು ಕಿರಿದಾದ ರಕ್ಷಣಾ ಸುರಂಗವೊಂದಿತ್ತು. ಆ ಕಾಲಕ್ಕೆ ಅದೇ ದೊಡ್ಡ ಮುಂದಾಲೋಚನೆ. 2001ರ ಅಕ್ಟೋಬರ್ 24ರಂದು ಎರಡು ಲಾರಿಗಳು ಮುಖಾಮುಖಿ ಡಿಕ್ಕಿ ಹೊಡೆದು ಬೆಂಕಿ ಹತ್ತಿತು. 11 ಜನ ಸತ್ತರು. ಅನೇಕರು ಬದುಕಿದ್ದು ಆ ರಕ್ಷಣಾ ಸುರಂಗದಿಂದ. ದಾರಿ ಎರಡು ತಿಂಗಳು ಮುಚ್ಚಿತ್ತು. ಅದಾದ ಮೇಲೆ ಲಾರಿಗಳನ್ನು ಎಣಿಸಿ, ನಡುವೆ ಅಂತರವಿಟ್ಟು ಒಳಗೆ ಬಿಡುವ ಪದ್ಧತಿ ಬಂತು. ಅಂದರೆ ಒಂದೇ ಕೊಳವೆಯ ಉಳಿತಾಯಕ್ಕೆ ಪ್ರತಿದಿನದ ಕಾಯುವಿಕೆಯ ರೂಪದಲ್ಲಿ ಬಡ್ಡಿ ಕಟ್ಟುವುದು ಶುರುವಾಯಿತು. ಆ ಬೆಂಕಿಗೂ ಎರಡು ವರ್ಷ ಮೊದಲು ಫ್ರಾನ್ಸ್ ಮತ್ತು ಇಟಲಿಯ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಹೊತ್ತಿದ ಬೆಂಕಿ 39 ಜನರನ್ನು ಕೊಂದು, ಆ ದಾರಿಯನ್ನು ಮೂರು ವರ್ಷ ಮುಚ್ಚಿಸಿತ್ತು. ಅಲ್ಲಿಯೂ ಒಂದೇ ಕೊಳವೆ, ಎದುರುಬದುರು ಸಂಚಾರ. ತಪ್ಪಿಸಿಕೊಳ್ಳಲು ಪಕ್ಕದ ಸುರಂಗ ಇರಲಿಲ್ಲ.

ಗೊಥಾರ್ಡ್ ರಸ್ತೆ ಸುರಂಗದ ದೊಡ್ಡ ಬಿಲ್ಲು ಬಂದದ್ದು ಬೆಂಕಿಯಿಂದಲ್ಲ, ವಯಸ್ಸಿನಿಂದ. ಮೂವತ್ತು ವರ್ಷ ದಾಟಿದಾಗ ಚಾವಣಿ, ಒಳಪದರ, ಗಾಳಿಯ ವ್ಯವಸ್ಥೆ, ಕೇಬಲ್ಲು ಎಲ್ಲವನ್ನೂ ಕೂಲಂಕಷವಾಗಿ ಹೊಸದು ಮಾಡಬೇಕಾದ ಸ್ಥಿತಿ ಬಂತು. ಒಂದೇ ಕೊಳವೆ ಇರುವಾಗ ದುರಸ್ತಿಗೆಂದು ಸುಮಾರು ಮೂರು ವರ್ಷದಷ್ಟು ಕಾಲ ದಾರಿ ಮುಚ್ಚಬೇಕು. ಮುಚ್ಚಿದರೆ ದಕ್ಷಿಣದ ಟಿಚಿನೊ ಪ್ರಾಂತ್ಯ ಉಳಿದ ದೇಶದಿಂದ ದೂರವಾಗುತ್ತದೆ. ಕೊನೆಗೆ 2016ರ ಫೆಬ್ರುವರಿ 28ರ ಜನಮತಗಣನೆಯಲ್ಲಿ ಶೇ 57ರಷ್ಟು ಮತದಾರರು ಎರಡನೇ ಕೊಳವೆಗೆ ಒಪ್ಪಿದರು. ಹೊಸದನ್ನು ಕೊರೆದು ಹಳೆಯದನ್ನು ದುರಸ್ತಿ ಮಾಡಲು ಅಂದಾಜು 280 ಕೋಟಿ ಫ್ರಾಂಕ್. ಮೊದಲ ಸುರಂಗದ ಒಟ್ಟು ಖರ್ಚು 70 ಕೋಟಿಯ ಆಸುಪಾಸಿನಲ್ಲಿತ್ತು. ನಡುವಿನ ಹಣದುಬ್ಬರವನ್ನು ಕಳೆದು ನೋಡಿದರೂ ಇದು ಸಣ್ಣ ಬಿಲ್ಲಲ್ಲ. 1980ರವರು ತಪ್ಪು ಮಾಡಿದರು ಎಂದು ಸಲೀಸಾಗಿ ತೀರ್ಪು ಕೊಡಲಾಗದು. ಎರಡನೇ ಕೊಳವೆ ತೆರೆದರೆ ಆಲ್ಪ್ಸ್ ಕಣಿವೆಗಳಿಗೆ ಲಾರಿಗಳ ಪ್ರವಾಹ ಹರಿಯುತ್ತದೆ ಎಂಬ ಆತಂಕ ಅಲ್ಲಿ ನಿಜವಾಗಿಯೂ ಇತ್ತು, 1994ರಲ್ಲಿ ಜನರೇ ಮತ ಹಾಕಿ ಆಲ್ಪ್ಸ್ ರಸ್ತೆಗಳ ಸಾಮರ್ಥ್ಯ ಹೆಚ್ಚಿಸುವುದನ್ನು ಸಂವಿಧಾನದಲ್ಲಿಯೇ ತಡೆದರು. ಹೊಸ ಕೊಳವೆ ಬಂದ ಮೇಲೂ ಒಂದೊಂದು ದಿಕ್ಕಿಗೆ ಒಂದೇ ಲೇನು ತೆರೆಯಬೇಕೆಂಬ ಕಾನೂನು ಆ ಆತಂಕದ ಮುಂದುವರಿಕೆ. ನನ್ನ ಆಕ್ಷೇಪ ಬೇರೆ. ಸುರಂಗಕ್ಕೆ ಒಂದು ದಿನ ಮರುದುರಸ್ತಿ ಬೇಕಾಗುತ್ತದೆ ಎಂಬುದು 1980ರಲ್ಲಿಯೂ ಖಚಿತವಾಗಿ ಗೊತ್ತಿತ್ತು. ಆ ದಿನ ಗಾಡಿಗಳು ಎಲ್ಲಿ ಹೋಗಬೇಕು ಎಂಬುದಕ್ಕೆ ಮಾತ್ರ ಉತ್ತರ ಕಾದಿರಿಸಿರಲಿಲ್ಲ.

ಮೂರನೆಯದು 2016ರ ಜೂನ್ 1ರಂದು ತೆರೆದ 57.1 ಕಿ.ಮೀ. ರೈಲು ಸುರಂಗ. ಹಿಂದಿನ ಎರಡರ ಪಾಠ ಇದರ ನಕ್ಷೆಯಲ್ಲಿ ಕಾಣುತ್ತದೆ. ಸುಮಾರು 40 ಮೀಟರ್ ಅಂತರದಲ್ಲಿ ಎರಡು ಕೊಳವೆ, ಒಂದೊಂದರಲ್ಲಿ ಒಂದೊಂದು ಹಳಿ. ಪ್ರತಿ 325 ಮೀಟರಿಗೆ ಒಂದರಿಂದ ಇನ್ನೊಂದಕ್ಕೆ ಅಡ್ಡದಾರಿ. ನಡುವೆ ಎರಡು ಕಡೆ ತುರ್ತು ನಿಲ್ದಾಣ, ಅಲ್ಲಿಯೇ ರೈಲು ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟುವ ವ್ಯವಸ್ಥೆ. ಇವೆಲ್ಲವನ್ನೂ ಕೂಡಿಸಿದರೆ 57 ಕಿ.ಮೀ. ದಾರಿಗಾಗಿ ಕೊರೆದದ್ದು 152 ಕಿ.ಮೀ. ರೈಲು ಓಡುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಗಿ ಕೊರೆದ ಪ್ರತಿ ಮೀಟರೂ ಮುಂದೆ ಬರಬಹುದಾದ ಕೆಟ್ಟ ದಿನಕ್ಕೆ ಕಟ್ಟಿದ ವಿಮೆಯ ಕಂತು. ಒಟ್ಟು ಖರ್ಚು ಸುಮಾರು 1,220 ಕೋಟಿ ಫ್ರಾಂಕ್. ಒಂಬತ್ತು ಕಾರ್ಮಿಕರ ಜೀವವೂ ಹೋಯಿತು. ಕಾಂಕ್ರೀಟಿನ ಬಾಳಿಕೆಯನ್ನು ನೂರು ವರ್ಷಕ್ಕೆ ಲೆಕ್ಕ ಹಾಕಿ, ಹೊರಪದರಕ್ಕೂ ಒಳಪದರಕ್ಕೂ ನಡುವೆ ನೀರು ತಡೆಯುವ ಹಾಳೆ ಹಾಕಿದರು. ನಕ್ಷೆಯಷ್ಟೇ ಮುಖ್ಯವಾದದ್ದು ಹಣದ ಏರ್ಪಾಡು. ಆಲ್ಪ್ಸ್ ಸುರಂಗಗಳ ಖರ್ಚಿಗೆ ಲಾರಿಗಳ ಮೇಲೆ ಹಾಕಿದ ಸುಂಕದ ದೊಡ್ಡ ಪಾಲು ಬಂತು. 2014ರಲ್ಲಿ ಜನ ಮತ ಹಾಕಿ ಒಪ್ಪಿದ ರೈಲ್ವೆ ನಿಧಿಗೆ ಒಂದು ನಿಯಮವಿದೆ: ನಿಧಿಯ ಹಣ ಮೊದಲು ಇರುವ ಮಾರ್ಗಗಳ ಓಡಾಟ ಮತ್ತು ನಿರ್ವಹಣೆಗೆ, ಆಮೇಲೆ ಹೊಸ ಕಾಮಗಾರಿಗೆ. ಹೊಸದರ ಆಸೆಗೆ ಹಳೆಯದು ಸೊರಗದಂತೆ ಕಾನೂನೇ ಕಾವಲು ನಿಂತಿದೆ.

ಸುರಂಗಕ್ಕೆ ವಯಸ್ಸಾಗುವುದು ಹೇಗೆ ಎಂದು ತಿಳಿದರೆ ಈ ಕಾವಲು ಯಾಕೆ ಬೇಕೆಂಬುದು ಅರ್ಥವಾಗುತ್ತದೆ. ಅದರ ಮೊದಲ ಶತ್ರು ನೀರು. ಬೆಟ್ಟದೊಳಗೆ ಜಾಗ ಮಾಡಿದ ಕ್ಷಣದಿಂದ ಸುತ್ತಲ ನೀರಿಗೆ ಅದೇ ತಗ್ಗು. ಬಂಡೆ ಮತ್ತು ಸಿಮೆಂಟಿನಿಂದ ಕರಗಿ ಬರುವ ಸುಣ್ಣ ಚರಂಡಿ ಕೊಳವೆಗಳಲ್ಲಿ ಗಟ್ಟಿಕಟ್ಟುತ್ತದೆ. ವರ್ಷವರ್ಷವೂ ಅದನ್ನು ಕೆರೆದು ತೆಗೆಯದಿದ್ದರೆ ನೀರಿನ ಒತ್ತಡ ಒಳಪದರದ ಮೇಲೆ ಬೀಳುತ್ತದೆ. ಕಾಂಕ್ರೀಟು ನೂರು ವರ್ಷ ಬಾಳಿದರೂ ಫ್ಯಾನು, ದೀಪ, ಪಂಪು, ಸಿಗ್ನಲ್ಲುಗಳು ಅಷ್ಟು ಬಾಳುವುದಿಲ್ಲ. ನೂರು ವರ್ಷದಲ್ಲಿ ಅವನ್ನು ನಾಲ್ಕೈದು ಬಾರಿ ಹೊಸದಾಗಿ ಹಾಕಬೇಕು. ಕಣ್ಣಿಗೆ ಬೀಳದ ಜಾಗವೇ ಅತಿ ಅಪಾಯದ್ದು. ಜಪಾನಿನಲ್ಲಿ 1977ರಲ್ಲಿ ತೆರೆದ ಸಸಾಗೊ ಸುರಂಗದ ಚಾವಣಿ ಹಲಗೆಗಳು 2012ರ ಡಿಸೆಂಬರ್ 2ರಂದು ಓಡುತ್ತಿದ್ದ ಕಾರುಗಳ ಮೇಲೆ ಬಿದ್ದು ಒಂಬತ್ತು ಜನ ಸತ್ತರು. ಆ ಕಾಂಕ್ರೀಟ್ ಹಲಗೆಗಳನ್ನು ಹಿಡಿದಿಟ್ಟ ಬೋಲ್ಟುಗಳನ್ನು ಅಂಟಿನಿಂದ ಕೂರಿಸಿದ್ದರು. ಅವು ಇದ್ದ ಎತ್ತರದಲ್ಲಿ ಹತ್ತಿರ ಹೋಗಿ ತಟ್ಟಿ ನೋಡುವುದು ಸುಲಭವಿರಲಿಲ್ಲ. ಆಮೇಲೆ ಆ ದೇಶ ಐದು ವರ್ಷಕ್ಕೊಮ್ಮೆ ಪ್ರತಿ ಸುರಂಗವನ್ನೂ ಹತ್ತಿರದಿಂದ ಪರೀಕ್ಷಿಸುವುದನ್ನು ಕಡ್ಡಾಯ ಮಾಡಿತು. ಪರೀಕ್ಷಿಸಲು ಬಾರದ ಹಾಗೆ ಕಟ್ಟಿದ ಭಾಗದಲ್ಲಿ ದೋಷ ಸದ್ದಿಲ್ಲದೆ ಬೆಳೆಯುತ್ತದೆ ಎಂಬುದು ಆ ಒಂಬತ್ತು ಜೀವಗಳು ಕಲಿಸಿದ ಪಾಠ.

ಇಷ್ಟೆಲ್ಲ ಗೊತ್ತಿದ್ದೂ ಯೋಜನಾ ವರದಿಗಳಲ್ಲಿ ಈ ಖರ್ಚುಗಳು ಯಾಕೆ ಚಿಕ್ಕದಾಗಿ ಕಾಣುತ್ತವೆ? ಕಾರಣ ಅಂಕಗಣಿತದಲ್ಲಿದೆ. ಮುಂದೆ ಬರುವ ಖರ್ಚನ್ನು ಇವತ್ತಿನ ಬೆಲೆಗೆ ತರುವಾಗ ವರ್ಷಕ್ಕೆ ಇಂತಿಷ್ಟು ಎಂದು ಕಳೆಯುತ್ತಾರೆ. ಬಡ್ಡಿ ಲೆಕ್ಕವನ್ನು ತಿರುವುಮುರುವಾಗಿ ಹಾಕಿದ ಹಾಗೆ. ವರ್ಷಕ್ಕೆ ಶೇ 12ರಂತೆ ಕಳೆದರೆ 50 ವರ್ಷದ ನಂತರ ತಗುಲುವ 100 ರೂಪಾಯಿ ಇವತ್ತಿನ ಲೆಕ್ಕದಲ್ಲಿ 35 ಪೈಸೆ. ಶೇ 3ರಂತೆ ಕಳೆದರೆ ಅದೇ 100 ರೂಪಾಯಿ ಸುಮಾರು 23 ರೂಪಾಯಿ. ದರ ಬದಲಿಸಿದರೆ ಸಾಕು, ಭವಿಷ್ಯದ ಹೊರೆ ಅರುವತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಹತ್ತು ಹದಿನೈದು ವರ್ಷ ಬಾಳುವ ಯಂತ್ರಕ್ಕೆ ಹೆಚ್ಚಿನ ದರ ನ್ಯಾಯವಿರಬಹುದು. ನೂರು ವರ್ಷ ಬಾಳುವ ಸುರಂಗಕ್ಕೆ ಅದನ್ನೇ ಹಚ್ಚಿದರೆ ಎರಡನೇ ಕೊಳವೆ, ಒಳ್ಳೆಯ ಚರಂಡಿ, ದಪ್ಪನೆಯ ಒಳಪದರ ಯಾವುದೂ ಲಾಭದಾಯಕವೆಂದು ಸಾಬೀತಾಗುವುದೇ ಇಲ್ಲ. ಅವುಗಳ ಖರ್ಚು ಇವತ್ತು ಪೂರ್ತಿ ರೂಪಾಯಿಯಲ್ಲಿ, ಪ್ರಯೋಜನ ನಾಳೆ ಪೈಸೆಯಲ್ಲಿ. ಒಂದೇ ದರವನ್ನು ನಂಬದೆ, ಎರಡು ಮೂರು ದರಗಳಲ್ಲಿ ಲೆಕ್ಕ ಹಾಕಿ, ಯಾವ ದರಕ್ಕೆ ಯಾವ ವಿನ್ಯಾಸ ಗೆಲ್ಲುತ್ತದೆಂದು ತೋರಿಸುವುದು ಪ್ರಾಮಾಣಿಕ ದಾರಿ.

ಇದಕ್ಕೆ ಮೊದಲ ಆಕ್ಷೇಪ ತೂಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇವತ್ತು ಆಸ್ಪತ್ರೆಗೆ, ಶಾಲೆಗೆ ದುಡ್ಡಿಲ್ಲದ ಸರ್ಕಾರ ನಾಳೆಯ ದುರಸ್ತಿಗೆ ಯಾಕೆ ಹಣ ಹೂಳಬೇಕು ಎಂಬ ಮಾತು. ಹಂತಹಂತವಾಗಿ ಕಟ್ಟುವುದು ತಪ್ಪಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಹಂತಗಳನ್ನು ಮೊದಲೇ ಯೋಚಿಸಿರಬೇಕು. ಸ್ವಿಟ್ಜರ್ಲೆಂಡಿನಲ್ಲಿಯೇ 2007ರಲ್ಲಿ ತೆರೆದ 34.6 ಕಿ.ಮೀ. ಉದ್ದದ ಲೋಟ್ಷ್‌ಬರ್ಗ್ ರೈಲು ಸುರಂಗದಲ್ಲಿ ಹಣ ಉಳಿಸಲು ಮೂರರಲ್ಲಿ ಒಂದು ಪಾಲಿಗೆ ಮಾತ್ರ ಜೋಡಿ ಹಳಿ ಹಾಕಿದರು. ಇನ್ನೊಂದಷ್ಟು ದೂರ ಎರಡನೇ ಕೊಳವೆಯನ್ನು ಕೊರೆದು ಹಳಿ ಹಾಕದೆ ಬಿಟ್ಟರು, ಉಳಿದದ್ದನ್ನು ಕೊರೆಯಲೇ ಇಲ್ಲ. ಒಂಟಿ ಹಳಿಯ ಭಾಗ ಬೇಗನೆ ಇಕ್ಕಟ್ಟಾಗಿ, ಈಗ ಅದನ್ನು ಪೂರ್ತಿ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕೊರೆದು ಬಿಟ್ಟ ಭಾಗಕ್ಕೆ ಹಳಿ ಹಾಸಿದರೆ ಮುಗಿಯಿತು. ಕೊರೆಯದೆ ಬಿಟ್ಟ ಕಡೆ ಯಂತ್ರಗಳನ್ನು ಮತ್ತೆ ಬೆಟ್ಟದೊಳಗೆ ಇಳಿಸಬೇಕು. ಬಡವರ ಬಳಿ ಒಂದು ಕೆಲಸವನ್ನು ಎರಡು ಸಲ ಮಾಡುವಷ್ಟು ಹಣವಿರುವುದಿಲ್ಲ. ಕಡಿಮೆ ಹಣವಿರುವವರು ಕಡಿಮೆ ಉದ್ದ ಕೊರೆಯಬಹುದು, ತಡವಾಗಿ ಕೊರೆಯಬಹುದು, ಕೊರೆಯದೆಯೂ ಇರಬಹುದು. ಕಳಪೆಯಾಗಿ ಕೊರೆಯುವುದು ಅವರಿಗೆ ಎಟುಕದ ದುಂದು.

ಖಾಸಗಿಯವರಿಗೆ ವಹಿಸಿದರೆ ಹೊರೆ ಅವರದ್ದಾಗುತ್ತದಲ್ಲ ಎಂಬುದು ಎರಡನೇ ಆಕ್ಷೇಪ. ಇಂಗ್ಲಿಷ್ ಕಾಲುವೆಯಡಿ 1994ರಲ್ಲಿ ತೆರೆದ 50 ಕಿ.ಮೀ. ಸುರಂಗ ಇದಕ್ಕೆ ಉತ್ತರ ಕೊಡುತ್ತದೆ. ಸರ್ಕಾರದ ಹಣ ಬೇಡ ಎಂಬ ಷರತ್ತಿನಲ್ಲಿ ಷೇರು ಮತ್ತು ಸಾಲದಿಂದ ಕಟ್ಟಿದ ಅದರ ಖರ್ಚು ಅಂದಾಜನ್ನು ಸುಮಾರು ಶೇ 80ರಷ್ಟು ಮೀರಿತು. ಸಾಲ ತೀರಿಸಲಾಗದೆ ಕಂಪನಿ 2006ರಲ್ಲಿ ನ್ಯಾಯಾಲಯದ ರಕ್ಷಣೆ ಕೋರಿತು, ಸಣ್ಣ ಷೇರುದಾರರು ನೆಲಕಚ್ಚಿದರು. ಸರ್ಕಾರಗಳು ನಗದು ಕೊಡಲಿಲ್ಲ ನಿಜ, ಆದರೆ 55 ವರ್ಷಕ್ಕೆ ಕೊಟ್ಟಿದ್ದ ಹಕ್ಕನ್ನು 2086ರವರೆಗೆ, 99 ವರ್ಷಕ್ಕೆ ಎಳೆದವು. ಎರಡು ತಲೆಮಾರಿನ ಪ್ರಯಾಣಿಕರ ಸುಂಕ ಹಾಗೆ ಕೈಬದಲಾಯಿತು. ಸುರಂಗ ನಷ್ಟದಲ್ಲಿದೆ ಎಂದು ಯಾವ ಸರ್ಕಾರವೂ ಬಾಗಿಲು ಹಾಕಲಾರದು. ಆದ್ದರಿಂದ ಕೊನೆಯ ಜಾಮೀನುದಾರರು ಎಂದೆಂದೂ ಜನರೇ. ಮೂವತ್ತು ವರ್ಷದ ಗುತ್ತಿಗೆದಾರನಿಗೆ ಮೂವತ್ತೊಂದನೇ ವರ್ಷದ ಚಾವಣಿಯ ಚಿಂತೆ ಇರಬೇಕೆಂದು ಬಯಸುವುದಾದರೆ, ಹಸ್ತಾಂತರದ ದಿನ ಸುರಂಗ ಯಾವ ಸ್ಥಿತಿಯಲ್ಲಿರಬೇಕೆಂದು ಮೊದಲ ದಿನವೇ ಬರೆದು, ಅದಕ್ಕೆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಟ್ಟಿಸಬೇಕು.

ಮೂರನೆಯ ಮಾತು ನಮ್ಮ ಪಶ್ಚಿಮ ಘಟ್ಟಕ್ಕೆ ನೇರವಾಗಿ ತಾಗುವಂಥದ್ದು: ಕಾಡು ಕಡಿದು ರಸ್ತೆ ಅಗಲಿಸುವುದಕ್ಕಿಂತ ಸುರಂಗವೇ ಮೇಲಲ್ಲವೇ? ಮರಗಳ ಲೆಕ್ಕದಲ್ಲಿ ಹೌದು. ನೀರಿನ ಲೆಕ್ಕ ಬೇರೆ. ಸ್ವೀಡನ್ನಿನ ಹಾಲಂಡ್ಸೋಸ್ ಗುಡ್ಡದಲ್ಲಿ 8.7 ಕಿ.ಮೀ. ರೈಲು ಸುರಂಗ ಕೊರೆಯಲು 1992ರಲ್ಲಿ ಶುರುಮಾಡಿದರು. ಅಂತರ್ಜಲ ಧುಮ್ಮಿಕ್ಕಿತು, ಸುತ್ತಲಿನ ಬಾವಿಗಳು ಬತ್ತಿದವು. ಸೋರಿಕೆ ತಡೆಯಲು ಬಂಡೆಗೆ ತುಂಬಿದ ರಾಸಾಯನಿಕ 1997ರಲ್ಲಿ ತೊರೆಯ ನೀರಿಗೆ ಸೇರಿ ಮೀನು ಸತ್ತವು, ದನಗಳು ಕಾಲು ಸೋತು ಬಿದ್ದವು. ಮೂರ್ನಾಲ್ಕು ವರ್ಷದ್ದೆಂದು ಹೊರಟ ಕೆಲಸ ಮುಗಿದದ್ದು 2015ರಲ್ಲಿ, ಅಂದಾಜಿನ ಹಲವು ಪಟ್ಟು ಖರ್ಚಿನಲ್ಲಿ. ಘಟ್ಟದ ತೋಟಗಳು ಊಟೆ, ಒರತೆ, ತೊರೆಗಳನ್ನೇ ನಂಬಿ ಬದುಕಿವೆ. ಶಿರಾಡಿಯಂಥ ಘಾಟಿಯಲ್ಲಿ ಸುರಂಗದ ಮಾತು ಬಂದಾಗಲೆಲ್ಲ ಬಂಡೆಯ ಪರೀಕ್ಷೆಯ ಜೊತೆಗೆ ಒರತೆಗಳ ಪಟ್ಟಿಯೂ ಆಗಬೇಕು. ಕೊರೆಯುವ ಮೊದಲು ಹಲವು ಮಳೆಗಾಲ ಮತ್ತು ಬೇಸಿಗೆಗಳಲ್ಲಿ ಅವುಗಳ ಹರಿವನ್ನು ಅಳೆದಿಡದಿದ್ದರೆ, ಬತ್ತಿದ ಮೇಲೆ ಪರಿಹಾರ ಕೇಳುವ ಕೃಷಿಕರ ಕೈಯಲ್ಲಿ ಪುರಾವೆಯೇ ಇರುವುದಿಲ್ಲ.

ನಮ್ಮ ಕರಾವಳಿಗೆ ಈ ಪಾಠ ಹೊಸದೇನಲ್ಲ. 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯಲ್ಲಿ 91 ಸುರಂಗಗಳಿವೆ, ಒಟ್ಟು ಉದ್ದ ಸುಮಾರು 84 ಕಿ.ಮೀ. ಅಷ್ಟು ಕಡಿಮೆ ಕಾಲದಲ್ಲಿ ಅಷ್ಟು ಕಠಿಣ ನೆಲದಲ್ಲಿ ಆದ ಆ ಕೆಲಸ ಭಾರತದ ಎಂಜಿನಿಯರುಗಳೂ ಕಾರ್ಮಿಕರೂ ಹೆಮ್ಮೆಪಡಬೇಕಾದದ್ದು. ಗಟ್ಟಿ ಬಂಡೆಗಿಂತ ಹೆಚ್ಚು ಕಾಡಿದ್ದು ಗೋವಾದ ಪೆರ್ಣೆಯಂಥ ಕಡೆಯ ಮೆದು ಜೇಡಿ. ಅದನ್ನು ಅಂದು ಗೆದ್ದೆವು ಎಂದುಕೊಂಡರೂ ಜೇಡಿ ತನ್ನ ಕೆಲಸ ನಿಲ್ಲಿಸಲಿಲ್ಲ. 2020ರ ಆಗಸ್ಟ್‌ನಲ್ಲಿ ಪೆರ್ಣೆ ಸುರಂಗದ ಗೋಡೆ ಕುಸಿದು ವಾರಗಟ್ಟಲೆ ಮಾರ್ಗ ಮುಚ್ಚಿತು; 2024ರ ಜುಲೈಯಲ್ಲಿ ಅದೇ ಸುರಂಗದಲ್ಲಿ ನೀರು ಮತ್ತು ಕೆಸರು ಉಕ್ಕಿ ಮುಂಬೈ–ಮಂಗಳೂರು ರೈಲುಗಳು ಮತ್ತೆ ನಿಂತವು. 2020ರಲ್ಲಿ ಆ ರೈಲುಗಳನ್ನು ಮೀರಜ್, ಲೋಂಡಾ ಮೇಲೆ ತಿರುಗಿಸಿ ಮಡಗಾಂವ್‌ಗೆ ಇಳಿಸಿದರು. ಲೋಂಡಾ ಕಡೆಯಿಂದ ಘಟ್ಟ ಇಳಿಯುವ ಆ ದಾರಿ 1880ರ ದಶಕದಲ್ಲಿ ಕಟ್ಟಿದ್ದು. ಆಲ್ಪ್ಸ್‌ನಲ್ಲಿ ಆದಂತೆ ಇಲ್ಲಿಯೂ ಹಳೆಯದೊಂದು ದಾರಿ ಹೊಸದರ ಮಾನ ಕಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳ ಮಾರ್ಗ ಮಳೆಗಾಲದಲ್ಲಿ ಮುಚ್ಚಿದಾಗ ಮಂಗಳೂರು–ಬೆಂಗಳೂರು ರೈಲುಗಳಿಗೆ ಅಂಥ ಹತ್ತಿರದ ಬದಲಿ ದಾರಿಯೂ ಇಲ್ಲ.

ಈಗ ಬೆಂಗಳೂರು ನೆಲದಡಿ ಇಳಿಯುತ್ತಿದೆ. ನಮ್ಮ ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ಸುಮಾರು 13.8 ಕಿ.ಮೀ. ನೆಲದೊಳಗಿನ ದಾರಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಪ್ರಸ್ತಾವಕ್ಕೆ 17 ಸಾವಿರ ಕೋಟಿ ರೂಪಾಯಿ ಮೀರಿದ ಅಂದಾಜು. ಪರ ವಿರೋಧದ ಚರ್ಚೆಯೆಲ್ಲ ಆ ಅಂದಾಜಿನ ಸುತ್ತ, ಟೋಲಿನ ಸುತ್ತ, ಎಷ್ಟು ನಿಮಿಷ ಉಳಿಯುತ್ತದೆಂಬುದರ ಸುತ್ತ ನಡೆದಿದೆ. 2023ರ ಮೇ ತಿಂಗಳಲ್ಲಿ ಇದೇ ನಗರದ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಲುಕಿದ ಕಾರಿನೊಳಗೆ ಯುವತಿಯೊಬ್ಬರು ಸತ್ತರು. ಒಂದು ಅಂಡರ್‌ಪಾಸಿನ ನೀರು ಹೊರಹಾಕಲು ಸೋತ ವ್ಯವಸ್ಥೆಗೆ ಹದಿನೇಳು ಕಿ.ಮೀ. ಉದ್ದದ ಸುರಂಗದ ಪಂಪುಗಳನ್ನು ಹಗಲಿರುಳು, ವರ್ಷವಿಡೀ, ನೂರು ವರ್ಷ ನಡೆಸುವ ಹೊಣೆ ಬರುತ್ತದೆ. ಆ ಹೊಣೆಗೆ ವರ್ಷಕ್ಕೆ ಎಷ್ಟು ಹಣ, ಯಾವ ಖಾತೆಯಿಂದ, ಯಾರ ಸಹಿಯಿಂದ ಎಂಬುದು ಕೊರೆಯುವ ಖರ್ಚಿನಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಣವಾಗಬೇಕು. ವಿದ್ಯುತ್ ವಾಹನಗಳು ಬಂದರೆ ಹೊಗೆಯ ಕಾಟ ತಗ್ಗಿ ಫ್ಯಾನುಗಳ ಖರ್ಚು ಇಳಿಯುತ್ತದೆ ಎನ್ನುವವರಿದ್ದಾರೆ. ದಿನನಿತ್ಯದ ಖರ್ಚು ಇಳಿಯಬಹುದು. ಆದರೆ ಬೆಂಕಿ ಬಿದ್ದ ದಿನದ ಹೊಗೆಗೆ ಬೇಕಾದ ಫ್ಯಾನುಗಳು ಆಗಲೂ ಬೇಕೇ ಬೇಕು, ನೀರು ಆಗಲೂ ಸೋರುತ್ತದೆ.

ಹಾಗಾಗಿ ಪ್ರತಿ ಸುರಂಗದ ವಿವರವಾದ ಯೋಜನಾ ವರದಿಯ (ಡಿಪಿಆರ್) ಜೊತೆಗೆ ಇನ್ನೊಂದು ಹಾಳೆಯನ್ನು ನಾವು ಕೇಳಿ ಪಡೆಯಬೇಕು. ಅದರಲ್ಲಿ ಮೊದಲ ಮೂವತ್ತು, ಅರುವತ್ತು, ನೂರು ವರ್ಷಗಳ ನಿರ್ವಹಣೆಯ ಖರ್ಚಿರಬೇಕು. ದೊಡ್ಡ ದುರಸ್ತಿಗೆ ಮುಚ್ಚುವ ವರ್ಷದಲ್ಲಿ ಗಾಡಿಗಳು ಹೋಗುವ ದಾರಿಯ ಹೆಸರಿರಬೇಕು. ಸುತ್ತಲ ಬಾವಿ, ಒರತೆಗಳ ಇವತ್ತಿನ ಮಟ್ಟವಿರಬೇಕು. ಅದೇ ಹಣಕ್ಕೆ ರೈಲು, ಬಸ್ಸು, ಇರುವ ರಸ್ತೆಯ ದುರಸ್ತಿಯಿಂದ ಏನು ಸಿಗುತ್ತದೆಂಬ ಹೋಲಿಕೆಯಿರಬೇಕು. ಆ ಹಾಳೆ ಓದಿದ ಮೇಲೆ ಕೆಲವು ಸುರಂಗಗಳು ಬೇಡವೆನಿಸಬಹುದು. ಕೆಲವಕ್ಕೆ ಇನ್ನಷ್ಟು ಹಣ ಹಾಕಿ ಎರಡನೇ ಕೊಳವೆ ಕೊರೆಯುವುದೇ ಸರಿ ಎನಿಸಬಹುದು. ಎರಡೂ ನಿರ್ಧಾರಗಳನ್ನು ನಾನು ಗೌರವಿಸಬಲ್ಲೆ. ಇವತ್ತು ಒಂದನೇ ತರಗತಿಯಲ್ಲಿ ಕೂತಿರುವ ಮಗು ತನ್ನ ನಲವತ್ತನೇ ವಯಸ್ಸಿನಲ್ಲಿ, ನಾವು ಕೊರೆದ ಸುರಂಗದ ಮೊದಲ ದೊಡ್ಡ ದುರಸ್ತಿಗೆ ತೆರಿಗೆ ಕಟ್ಟುತ್ತದೆ. ಆ ಬಿಲ್ಲಿನ ಮೊತ್ತ ನಮಗೆ ಇವತ್ತೇ ಗೊತ್ತಿರಬೇಕು, ಅದರ ಒಂದು ಪಾಲನ್ನು ಇವತ್ತಿನಿಂದಲೇ ಕೂಡಿಡಲು ಶುರುಮಾಡಬೇಕು.